ಅಪ್‌ಡೇಟ್: ಬಚ್ಚಲಿನ ಕರೆಗಂಟೆ ಈಗ ಮಳೆಯಲ್ಲೂ ಕೇಳಿಸುತ್ತಿದೆ

ಹನ್ನೆರಡು ದಿನದ ಹಿಂದೆ ಕೇಳಿದ್ದೆ: ತೀರ್ಥಹಳ್ಳಿ ಹತ್ತಿರ ನಾವು ನಡೆಸುವ ಹಿರಿಯರ ಮನೆಯಲ್ಲಿ ಬಚ್ಚಲಿನ ತುರ್ತು ಗುಂಡಿ ಒತ್ತಿದರೂ ಕೆಲವೊಮ್ಮೆ ಆಫೀಸ್ ರೂಮಿನಲ್ಲಿ ಗಂಟೆ ಹೊಡೆಯುವುದಿಲ್ಲ, ಅದೂ ಮಳೆ ಹಿಡಿದಾಗ ಜಾಸ್ತಿ, ಏನು ಮಾಡುವುದು ಅಂತ.

ಮೊದಲು, ಬಿದ್ದರೆ ತಾನೇ ಗುರುತಿಸುವ ಸ್ಮಾರ್ಟ್‌ವಾಚ್ ನೋಡಿದೆವು. ಆಗಲಿಲ್ಲ. ಸ್ನಾನಕ್ಕೆ ಹೋಗುವಾಗ ಎಲ್ಲರೂ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ. ಬೇಕಾಗಿರುವುದೇ ಅಲ್ಲಿ ಅಲ್ವಾ! ಸಿಗ್ನಲನ್ನು ಮುಂದಕ್ಕೆ ದಾಟಿಸುವ ವೈಫೈ ರಿಪೀಟರ್ ಹಾಕಿದರೆ, ಅದು ಕರೆಂಟ್ ಹೋದ ಕೂಡಲೇ ಸುಮ್ಮನಾಯಿತು.

ಕೆಲಸಕ್ಕೆ ಬಂದಿದ್ದು "ಫ್ರೀಕ್ವೆನ್ಸಿ ನೋಡಿ" ಎಂದವರ ಮಾತು. ಅಂದರೆ, ಗುಂಡಿಯಿಂದ ಗಂಟೆಗೆ ತಂತಿಯಿಲ್ಲದೆ ಹೋಗುವ ರೇಡಿಯೋ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ. ನಮ್ಮದು 2.4 ಗಿಗಾಹರ್ಟ್ಸ್ ಇತ್ತು. ದಪ್ಪ ಜಂಬಿಟ್ಟಿಗೆ ಗೋಡೆ ನೀರು ಕುಡಿದರೆ ಆ ಸಿಗ್ನಲ್ ಇನ್ನಷ್ಟು ಸೊರಗುತ್ತದೆ. 433 ಮೆಗಾಹರ್ಟ್ಸ್‌ನದು ಗೋಡೆ ದಾಟುವುದರಲ್ಲಿ ವಾಸಿ. ಅದನ್ನೇ ತಂದು, ಗಂಟೆ ಹೊಡೆಯುವ ರಿಸೀವರನ್ನು, ಕರೆಂಟ್ ಹೋದರೂ ನಡೆಯಲಿ ಅಂತ, ಯುಪಿಎಸ್‌ಗೆ ಸಿಕ್ಕಿಸಿದೆವು. ದಿನಾ ಬೆಳಿಗ್ಗೆ ಒತ್ತಿ ನೋಡುತ್ತೇವೆ. ಒಂದು ವಾರದಿಂದ ಒಂದು ಸಲವೂ ತಪ್ಪಿಲ್ಲ.

ನಮಗೆ ಹೊಳೆಯದೇ ಇದ್ದದ್ದು ಬೇರೆ. ಗುಂಡಿ ಎದೆ ಎತ್ತರದಲ್ಲಿತ್ತು. ಅಜ್ಜಿಯೊಬ್ಬರು ಬಚ್ಚಲ ನೆಲದಲ್ಲಿ ಕೂತು, ಕೈ ಚಾಚಿ, "ಬಿದ್ದ ಮೇಲೆ ಇದು ನಂಗೆ ಸಿಗ್ತದಾ ಮಗಾ?" ಅಂದರು. ಈಗ ದಾರ ಎಳೆಯುವ ಥರದ್ದು ಹಾಕಿದ್ದೇವೆ. ತುದಿ ನೆಲದಿಂದ ನಾಲ್ಕೈದು ಬೆರಳು ಮೇಲೆ.

ಮೊದಲ ರಾತ್ರಿಯೇ ಗಂಟೆ ಹೊಡೆಯಿತು. ಎದ್ದುಬಿದ್ದು ಓಡಿದರೆ, ಅಜ್ಜ ದಾರಕ್ಕೆ ಒದ್ದೆ ಪಂಚೆ ಒಣಹಾಕಿದ್ದರು! ಮರುದಿನ ದಾರಕ್ಕೆ ಕೆಂಪು ಬಣ್ಣ, ಪಂಚೆಗೆ ಬೇರೆ ಮೊಳೆ.