ಪ್ಲಗ್ ಕಿತ್ತಿಟ್ಟ ಐದು ದಿನದ ಮೇಲೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ: ಡಿಸ್ಕ್ ಹೋಗಿದೆಯೇ?

ಪ್ರಶ್ನೆ: ಘಟ್ಟದ ಮೇಲಿನವ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ಅಡಿಕೆ ವಹಿವಾಟಿನ ಲೆಕ್ಕಕ್ಕೆಂದು ನಾವು ಇಟ್ಟುಕೊಂಡಿರುವ ಡೆಸ್ಕ್‌ಟಾಪ್‌ಗೆ ಹನ್ನೊಂದು ವರ್ಷ ತುಂಬಿದೆ. ವಿಂಡೋಸ್ 10 ಇರುವುದು ನಂತರ ಹಾಕಿಸಿದ ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕಿನಲ್ಲಿ. ಹಳೆಯ ಕಡತಗಳೆಲ್ಲ 1 ಟಿಬಿಯ ಹಾರ್ಡ್‌ಡಿಸ್ಕಿನಲ್ಲಿವೆ. ಮೊದಲ ಗುಡುಗು ಮಳೆಯ ಸಂಜೆ, ಇಲ್ಲಿ ಎಲ್ಲರೂ ಮಾಡುವಂತೆ, ಪ್ಲಗ್ಗನ್ನೇ ಕಿತ್ತಿಟ್ಟೆವು. ಲೈನಿನ ಮೇಲೆ ಮರ ಬಿದ್ದದ್ದರಿಂದ ಕರೆಂಟು ಬರಲು ಐದು ದಿನ ಹಿಡಿಯಿತು.

ಈಗ ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆಯ ಮೇಲೆ ‘ಸಿಮೋಸ್ ಚೆಕ್‌ಸಮ್ ಬ್ಯಾಡ್’ ಎಂದು ಬಂದು ಎಫ್1 ಒತ್ತಲು ಹೇಳುತ್ತದೆ. ಒತ್ತಿದರೆ ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬಲ್ಲಿಗೆ ನಿಂತುಬಿಡುತ್ತದೆ. ಸೆಟಪ್ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗು ಪುಟಗಳು) ಒಳಗೆ ಹೋಗಿ ನೋಡಿದಾಗ ತಾರೀಕು 2012ರ ಜನವರಿ 1 ಎಂದಿತ್ತು. ಪೇಟೆಯ ಅಂಗಡಿಯೊಂದರವರು ಫೋನಿನಲ್ಲೇ ಡಿಸ್ಕ್ ಹೋಗಿದೆ, ಹೊಸದು ಹಾಕಿ ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕು ಎಂದರು. ಆದರೆ ಸೆಟಪ್ಪಿನಲ್ಲಿ ಎರಡೂ ಡಿಸ್ಕುಗಳ ಹೆಸರು ಕಾಣಿಸುತ್ತಿದೆ. ಎರಡು ವರ್ಷದ ಲೆಕ್ಕಕ್ಕೆ ಬೇರೆ ಪ್ರತಿ ಇಲ್ಲದ ಕಾರಣ ಕೈಹಾಕಲು ಹೆದರಿಕೆಯಾಗಿದೆ. ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1: ಘಟ್ಟದ ಕೆಳಗಿನವ (ಕಾರವಾರ)

ಮಾನ್ಯರೇ, ದಯವಿಟ್ಟು ಸದ್ಯಕ್ಕೆ ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಪೂರ್ತಿ ಕೆಟ್ಟುಹೋದ ಡಿಸ್ಕು ತನ್ನ ಹೆಸರನ್ನೂ ಗಾತ್ರವನ್ನೂ ಸೆಟಪ್ಪಿನಲ್ಲಿ ಸರಿಯಾಗಿ ತೋರಿಸುವುದು ಅಪರೂಪ. ಜೊತೆಗೆ ಡಿಸ್ಕು ಕೆಟ್ಟರೆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. ತಾರೀಕು ತಪ್ಪಿರುವುದು ಮತ್ತು ಉಳಿಸಿಟ್ಟ ಸೆಟ್ಟಿಂಗು ಕೆಟ್ಟಿದೆ ಎನ್ನುವ ಚೆಕ್‌ಸಮ್ ಸಂದೇಶ ಬಂದಿರುವುದು, ಇವೆರಡೂ ಬೊಟ್ಟು ಮಾಡುವುದು ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಂಥ ಸೆಲ್ಲಿನ ಕಡೆಗೆ. ಗಡಿಯಾರವನ್ನೂ ಸೆಟಪ್ಪಿನ ಸೆಟ್ಟಿಂಗುಗಳನ್ನೂ ಉಳಿಸುವುದು ಅದೇ.

ತಮ್ಮಲ್ಲಿ ಪ್ಲಗ್ ಕಿತ್ತಿಟ್ಟ ಮೇಲೆಯೇ ಇದು ಆದದ್ದಕ್ಕೆ ಕಾರಣವಿದೆ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಚುಚ್ಚಿದ್ದು ಗೋಡೆಯ ಸ್ವಿಚ್ ಹಾಕಿರುವ ತನಕ ಪವರ್ ಸಪ್ಲೈನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತು ಬೋರ್ಡಿಗೆ ಹರಿಯುತ್ತಲೇ ಇರುತ್ತದೆ, ಗಡಿಯಾರವೂ ಅದರಲ್ಲೇ ನಡೆಯುತ್ತದೆ. ಪ್ಲಗ್ ತೆಗೆದೊಡನೆ ಆ ಭಾರವೆಲ್ಲ ಸೆಲ್ಲಿನ ಮೇಲೆ ಬೀಳುತ್ತದೆ. ಬೇಕಾಗುವುದು ಕೆಲವೇ ಮೈಕ್ರೋಆಂಪಿಯರ್, ಸೆಲ್ಲಿನಲ್ಲಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆ; ಹೊಸ ಸೆಲ್ಲಿಗೆ ಇದು ವರ್ಷಗಟ್ಟಲೆಯ ದಾಸ್ತಾನು. ಆದರೆ ಹನ್ನೊಂದು ಮಳೆಗಾಲ ಕಂಡ ಸೆಲ್ಲಿಗೆ ಐದು ದಿನವೇ ಹೆಚ್ಚಾಯಿತು.

ಪ್ಲಗ್ ತೆಗೆದು, ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿದ ಮೇಲೆ ಕೈಹಾಕಿ. ಸೆಲ್ಲಿನ ಪಕ್ಕದ ಕ್ಲಿಪ್ಪನ್ನು ಸರಿಸಿದರೆ ಅದು ಮೇಲಕ್ಕೆ ಏಳುತ್ತದೆ. ಹೊಸ ಸೆಲ್ಲು ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಮೇಲೆ ತೋರಿಸಬೇಕು, 2.8ಕ್ಕಿಂತ ಕೆಳಗಿದ್ದರೆ ಹಳೆಯದನ್ನು ಎಸೆಯಿರಿ. ಹಾಕುವಾಗ ಪ್ಲಸ್ ಗುರುತು ಮೇಲಿರಲಿ. ಉಪ್ಪುಗಾಳಿಯ ನಮ್ಮ ಕಾರವಾರದಲ್ಲಿ ಕ್ಲಿಪ್ಪಿಗೆ ಹಸಿರು ಕಿಲುಬು ಹಿಡಿದು, ಹೊಸ ಸೆಲ್ಲು ಹಾಕಿದರೂ ಸಂಪರ್ಕವೇ ಆಗದಿರುವುದುಂಟು. ತಮ್ಮಲ್ಲಿ ಉಪ್ಪಿಲ್ಲದಿದ್ದರೂ ತೇವಕ್ಕೆ ಕೊರತೆಯಿಲ್ಲವಲ್ಲ, ಅದನ್ನೂ ಒಮ್ಮೆ ನೋಡಿ.

ಉತ್ತರ 2: ಹಳೇ ಮೌಸ್ (ಕುಮಟಾ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸೆಲ್ಲು ಬದಲಿಸಿದ ಮಾತ್ರಕ್ಕೆ ಕಂಪ್ಯೂಟರ್ ಬೂಟ್ ಆಗುತ್ತದೆಂದು ತಾವು ನಿರೀಕ್ಷಿಸಬಾರದು. ಹೊಸ ಸೆಲ್ಲು ಮುಂದಿನ ಸೆಟ್ಟಿಂಗುಗಳನ್ನು ಉಳಿಸುತ್ತದೆಯೇ ಹೊರತು ಅಳಿಸಿಹೋದದ್ದನ್ನು ಮರಳಿ ತರುವುದಿಲ್ಲ. ಬೋರ್ಡು ಈಗ ಕಾರ್ಖಾನೆಯ ಡಿಫಾಲ್ಟ್‌ಗೆ ಮರಳಿದೆ.

ಮೊದಲು ಸೆಟಪ್ಪಿನ ಪ್ರತಿಯೊಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತಾರೀಕು, ಸಮಯ ಸರಿಪಡಿಸಿದ ಮೇಲೆ ಬೂಟ್ ಪುಟದಲ್ಲಿ ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಎಂಬ, ಯಾವ ಡಿಸ್ಕಿನಿಂದ ಮೊದಲು ಬೂಟ್ ಮಾಡಬೇಕೆಂದು ಹೇಳುವ ಪಟ್ಟಿಯಿದೆಯೇ ನೋಡಿ. ಎರಡು ಡಿಸ್ಕುಗಳಿದ್ದರೆ ಹಳೆಯ ಬೋರ್ಡುಗಳು ಈ ಪಟ್ಟಿಯ ಮೊದಲನೆಯದನ್ನು ಮಾತ್ರ ಪ್ರಯತ್ನಿಸಿ ಕೈಚೆಲ್ಲುವುದು ಸಾಮಾನ್ಯ. ತಮ್ಮ ಕಡತಗಳ ಡಿಸ್ಕು ಮೇಲಕ್ಕೆ ಬಂದಿರಬಹುದೆಂದು ನನ್ನ ಅನುಮಾನ. ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಹೆಸರು ಕಂಡರೆ ತಮ್ಮ ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ರೀತಿಯಲ್ಲಿ ಇನ್‌ಸ್ಟಾಲ್ ಆಗಿದೆ, ಅದನ್ನೇ ಮೊದಲಿಗಿಡಿ. ಕಾಣದಿದ್ದರೆ ಅದು ಲೆಗಸಿ, ಅಂದರೆ ಹಳೆಯ ಬೂಟ್ ರೀತಿಯದಿರಬಹುದು. ಆಗ ಆ ಹಳೆಯ ರೀತಿಗೆ ಅವಕಾಶ ಕೊಡುವ ಸಿಎಸ್‌ಎಂ ಎಂಬ ಸೆಟ್ಟಿಂಗು ‘ಎನೇಬಲ್ಡ್’ ಇರಲೇಬೇಕು.

ಇನ್ನೊಂದು ಮಾತು. ವಿಂಡೋಸ್ ಲೋಗೋ ಬಂದು, ಕೂಡಲೇ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ಗಾಬರಿಯಾಗಬೇಡಿ, ಅದು ಹತ್ತಿರ ಬಂದದ್ದರ ಲಕ್ಷಣ. ಬೋರ್ಡು ಡಿಸ್ಕಿನೊಡನೆ ವ್ಯವಹರಿಸುವ ರೀತಿಯಾದ ಸಾಟಾ ಮೋಡ್ ಹಳೆಯ ‘ಐಡಿಇ’ಗೆ ಬಿದ್ದಿದೆ, ಅದನ್ನು ‘ಎಎಚ್‌ಸಿಐ’ಗೆ ಮರಳಿಸಬೇಕು ಎಂಬುದೇ ಹೆಚ್ಚಾಗಿ ಅದರರ್ಥ.

ಪ್ರಶ್ನೆ ಕೇಳಿದವರು: ಘಟ್ಟದ ಮೇಲಿನವ

ತಮ್ಮಿಬ್ಬರ ಮಾತೂ ಕ್ರಮವಾಗಿ ನಿಜವಾಯಿತು. ಹಳೆಯ ಸೆಲ್ಲು ತೋರಿಸಿದ್ದು 2.3 ವೋಲ್ಟ್. ಬದಲಿಸಿದ ಮೇಲೆ ಚೆಕ್‌ಸಮ್ ಸಂದೇಶ ಹೋಯಿತು, ಬೂಟ್ ಮಾತ್ರ ಆಗಲಿಲ್ಲ. ಪಟ್ಟಿಯಲ್ಲಿ ಹಳೆಯ ಹಾರ್ಡ್‌ಡಿಸ್ಕೇ ಮೊದಲಿತ್ತು. ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದಾಗ ಹೇಳಿದಂತೆಯೇ ನೀಲಿ ಪರದೆ ಬಂತು. ಎಎಚ್‌ಸಿಐ ಮಾಡಿದಾಗ ವಿಂಡೋಸ್ ಏನೂ ಆಗದವರಂತೆ ತೆರೆದುಕೊಂಡಿತು. ಕಡತಗಳೆಲ್ಲ ಇವೆ, ಮೊದಲ ಕೆಲಸವಾಗಿ ಪೆನ್‌ಡ್ರೈವಿಗೆ ಪ್ರತಿ ತೆಗೆದೆ. ಇನ್ನು ಮುಂದೆ ಪ್ಲಗ್ ಕೀಳುವುದನ್ನೇ ಬಿಡಬೇಕೇ? ಪರಿಚಯದವರೊಬ್ಬರು ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಬಿಡಿ ಎನ್ನುತ್ತಿದ್ದಾರೆ, ಅದು ಅಗತ್ಯವೇ?

ಉತ್ತರ 3: ಅಘನಾಶಿನಿ ತೀರ (ಕುಮಟಾ ತಾಲೂಕು)

ಪ್ಲಗ್ ಕೀಳುವುದನ್ನು ಖಂಡಿತ ಬಿಡಬೇಡಿ. ಸಿಡಿಲಿಗೆ ಬೋರ್ಡು ಸುಟ್ಟರೆ ಆಗುವ ಖರ್ಚಿನ ಮುಂದೆ ಒಂದು ಊಟಕ್ಕಿಂತ ಅಗ್ಗದ ಸೆಲ್ಲು ಯಾವ ಲೆಕ್ಕ? ಮೂರು ನಾಲ್ಕು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಸೆಲ್ಲು ಬದಲಿಸಿದರೆ ಸಾಕು. ಇಂಟರ್ನೆಟ್ಟಿನ ತಂತಿಯನ್ನೂ ತೆಗೆಯಿರಿ. ಪ್ಲಗ್ ತೆಗೆದು ಅದನ್ನು ಬಿಟ್ಟವರ ಬೋರ್ಡು ಆ ದಾರಿಯಲ್ಲೇ ಹೋದದ್ದನ್ನು ಕಂಡಿದ್ದೇನೆ.

ಬಯಾಸ್ ಅಪ್‌ಡೇಟ್ ಬೇಡವೆಂದೇ ನನ್ನ ಸಲಹೆ. ತಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ, ಅದನ್ನು ಫ್ಲ್ಯಾಶ್ ಚಿಪ್ಪಿಗೆ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡು ಮೇಲೇಳದೆ ಹೋಗಬಹುದು. ಜೂನ್ ತಿಂಗಳಿನಲ್ಲಿ, ಯುಪಿಎಸ್ ಇಲ್ಲದೆ, ಘಟ್ಟದ ಮೇಲೆ ಆ ಸಾಹಸ ಯಾರಿಗೂ ಬೇಡ.

ಇದನ್ನು ಓದುವ ಹೊಸ ಲ್ಯಾಪ್‌ಟಾಪಿನವರಿಗೆ ಒಂದು ಎಚ್ಚರಿಕೆ: ಈಚಿನ ಅನೇಕ ಬೋರ್ಡುಗಳಲ್ಲಿ ಸೆಟ್ಟಿಂಗುಗಳು ವಿದ್ಯುತ್ತಿಲ್ಲದೆಯೂ ನೆನಪಿಡುವ ಫ್ಲ್ಯಾಶ್ ಚಿಪ್ಪಿನಲ್ಲಿರುವುದರಿಂದ ಸೆಲ್ಲು ಸತ್ತರೆ ಗಡಿಯಾರ ಮಾತ್ರ ತಪ್ಪುತ್ತದೆ; ಆದರೆ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ (ಭದ್ರತಾ ಚಿಪ್ಪು) ಸೆಟ್ಟಿಂಗನ್ನು ಮುಟ್ಟಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳದೆ ಸೆಟಪ್ಪಿಗೆ ಕೈಹಾಕಬೇಡಿ.

ಪ್ರಶ್ನೆ ಕೇಳಿದವರು: ಘಟ್ಟದ ಮೇಲಿನವ

ಧನ್ಯವಾದಗಳು. ಸೆಲ್ಲು ಹಾಕಿದ ತಾರೀಕನ್ನು ಕ್ಯಾಬಿನೆಟ್ಟಿನ ಒಳಬದಿಗೆ ಬರೆದು ಅಂಟಿಸಿದ್ದೇನೆ, ಸೆಟಪ್ಪಿನ ಫೋಟೋಗಳ ಒಂದು ಪ್ರತಿ ಮಗಳ ಮೊಬೈಲಿನಲ್ಲೂ ಇದೆ.