ಮೌಂಟ್ ಬೋರ್ಡ್ ಮಾಡೆಲ್ ಮಳೆಗೆ ಬಾಗಿ ಹೋಯ್ತು, ಅದೂ ಸಾಲದ್ದಕ್ಕೆ ಸ್ಪೇಸೇ ಕಾಣುದಿಲ್ಲ ಅಂತೆ

ಬದಿಯಡ್ಕದ_ಹಾಳೆ:
ನಮಸ್ಕಾರ, ನಾನು ಆರ್ಕಿಟೆಕ್ಚರ್ ಫಸ್ಟ್ ಇಯರ್, ರಜೆಗೆ ಊರಿಗೆ ಬಂದದ್ದು. 20 ಸೆಂಟಿಮೀಟರ್ ಕ್ಯೂಬಿನೊಳಗೆ ಒಂದು ಅಬ್‌ಸ್ಟ್ರಾಕ್ಟ್ ಮಾಡೆಲ್ ಮಾಡ್ಬೇಕು, ನಾನು ತಗೊಂಡದ್ದು ನಮ್ಮ ತೋಟದ ಸುರಂಗ, ನೀರಿಗೆ ಅಂತ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದದ್ದು. ಮೌಂಟ್ ಬೋರ್ಡಿನ (ಮಾಡೆಲ್ ಮಾಡುವ ದಪ್ಪ ರಟ್ಟು) ಒಂದೇ ಬದಿಗೆ ಬಿಳಿ ಗಮ್ ಹಾಕಿ ಬ್ರೌನ್ ಪೇಪರ್ ಅಂಟಿಸಿದ್ದೆ, ರಾತ್ರಿ ಚಪ್ಪಟೆ ಇತ್ತು ಬೆಳಿಗ್ಗೆ ನೋಡ್ವಾಗ ಹಲಸಿನ ಹಪ್ಪಳ ಎಣ್ಣೆಗೆ ಬಿಟ್ಟ ಹಾಗೆ ಆಗಿದೆ. ಫೋಟೋ ಕಳಿಸಿದ್ರೆ ಮೇಡಂ "ಇದು ತೂತಿರುವ ಪೆಟ್ಟಿಗೆ, ಸ್ಪೇಸ್ ಎಲ್ಲಿ?" ಅಂದ್ರು. ಎಂತ ಮಾಡುದು?

ಕುಂಬಳೆ_ಉಳಿ:
ಬಾಗಿದ್ದಕ್ಕೆ ಮಳೆಯನ್ನು ಬೈಬೇಡ ಮಾರಾಯ. ಗಮ್ಮಿನ ನೀರಿಗೆ ಪೇಪರ್ ಉಬ್ತದೆ, ಒಣಗುವಾಗ ಕುಗ್ಗಿ ಬೋರ್ಡನ್ನು ತನ್ನ ಕಡೆ ಎಳೀತದೆ, ಇನ್ನೊಂದು ಬದಿಯಲ್ಲಿ ಎಳೀಲಿಕ್ಕೆ ಯಾರೂ ಇಲ್ಲ. ಅದೇ ಪೇಪರ್ ಎರಡೂ ಬದಿಗೆ ಅಂಟಿಸಿ ರಾತ್ರಿಯಿಡೀ ಭಾರ ಇಡು. ಇಲ್ಲದಿದ್ರೆ ಡಬಲ್ ಸೈಡ್ ಟೇಪ್. ಕರ್ವ್ ಬೇಕಾದ್ರೆ ಬೋರ್ಡನ್ನು ಎರಡೂ ಕಡೆಗೆ ಬಗ್ಗಿಸಿ ನೋಡು, ಸುಲಭದಲ್ಲಿ ಬಗ್ಗುವ ಕಡೆಗೇ ಕತ್ತರಿಸು. ಒಣಗಿಸ್ಲಿಕ್ಕೆ ಅಂತ ಅಡುಗೆಮನೆ ಅಟ್ಟದಲ್ಲಿ ಇಡ್ಬೇಡ, ನಾನು ಇಟ್ಟು ಹೊಗೆಗೆ ಕಪ್ಪಾಗಿ ಅಮ್ಮ ಅದನ್ನು ಒಲೆಗೇ ಹಾಕಿದ್ರು.

ಉಪ್ಪಳದವ:
ಮೇಡಂ ಹೇಳಿದ್ದು ಸರಿ ಉಂಟು ತಮ್ಮ. ನೌಮ್ ಗಾಬೋ ಅಂತ ಶಿಲ್ಪಿ 1930ರಲ್ಲಿ ಎರಡು ಕ್ಯೂಬ್ ಮಾಡಿದ್ರು, ಒಂದು ನಾಲ್ಕೂ ಬದಿ ಮುಚ್ಚಿದ್ದು, ಇನ್ನೊಂದಕ್ಕೆ ಬದಿಗಳೇ ಇಲ್ಲ, ಮೂಲೆಯಿಂದ ಮೂಲೆಗೆ ಒಂದನ್ನೊಂದು ಕತ್ತರಿಸುವ ಎರಡು ಹಲಗೆ. ಅಳತೆ ಒಂದೇ, ಆದ್ರೆ ಎರಡನೆಯದರಲ್ಲಿ ಒಳಗಿನ ಜಾಗ ಕಣ್ಣಿಗೆ ಬೀಳ್ತದೆ. ನಿನ್ನ ಗೋಡೆ ತೆಗಿ.

ಬದಿಯಡ್ಕದ_ಹಾಳೆ:
ಗೋಡೆ ತೆಗೆದ್ರೆ ಸುರಂಗ ಎಲ್ಲಿ ಉಳೀತದೆ ಅಣ್ಣ, ಅದು ಮುರಕಲ್ಲಿನ ಗುಡ್ಡೆಯೊಳಗಿನ ಪೊಳ್ಳೇ ಅಲ್ವಾ?

ಉಪ್ಪಳದವ:
ಹಾಗಾದ್ರೆ ಗುಡ್ಡೆ ಬಿಡು, ಪೊಳ್ಳನ್ನೇ ಎರಕ ಹೊಯ್ಯಿ. ರೇಚಲ್ ವೈಟ್‌ರೀಡ್ ಅಂತ ಶಿಲ್ಪಿ 1993ರಲ್ಲಿ ಲಂಡನ್ನಿನಲ್ಲಿ ಒಂದು ಇಡೀ ಮನೆಯ ಒಳಗಿಗೆ ಕಾಂಕ್ರೀಟ್ ಹಾಕಿಸಿ ಹೊರಗಿನ ಗೋಡೆ ಕೆಡವಿದ್ರು, ಉಳಿದದ್ದು ಖಾಲಿ ಜಾಗದ ಗಟ್ಟಿ ಆಕಾರ (ಮರುವರ್ಷ ಅದನ್ನೂ ಕೆಡವಿದ್ರು, ಅದು ಬೇರೆ ಕಥೆ). ನಿಂಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಅಡಿಕೆ ಹಾಳೆಯನ್ನು ನೆನೆಸಿ ಕೊಳವೆ ಮಾಡಿ ಕಟ್ಟು, ಒಳಗೆ ತೆಂಗಿನೆಣ್ಣೆ ಸವರು. ನೀರಿಗೆ ಪುಡಿ ಉದುರಿಸ್ಬೇಕು, ಪುಡಿಗೆ ನೀರು ಹೊಯ್ಯುದಲ್ಲ, ಒಂದು ಲೋಟ ನೀರಿಗೆ ಹೆಚ್ಚುಕಮ್ಮಿ ಎರಡು ಲೋಟ ಪುಡಿ. ಗಟ್ಟಿಯಾಗುವಾಗ ಬಿಸಿ ಆಗ್ತದೆ, ಕೈ ಒಳಗೆ ಇಟ್ಕೊಳ್ಬೇಡ.

ಬದಿಯಡ್ಕದ_ಹಾಳೆ:
ಮೊದಲನೇದು ಪುಡಿಪುಡಿ ಆಯ್ತು, ಪ್ಯಾಕೆಟ್ ಚಾವಡಿಯಲ್ಲಿ ವಾರದಿಂದ ಬಾಯಿ ಬಿಟ್ಕೊಂಡು ಇತ್ತು. ಹೊಸ ಪ್ಯಾಕೆಟಿನದ್ದು ಚೆಂದ ಬಂದಿದೆ, ಹಾಳೆಯ ಗೆರೆ ಮೈಮೇಲೆ ಹಾಗೇ ಬಿದ್ದು ಪಿಕ್ಕಾಸಿನಲ್ಲಿ ಕಡಿದ ಹಾಗೆ ಕಾಣ್ತದೆ. ಆದ್ರೆ ಸುರಂಗಕ್ಕೆ ಮೇಲಿಂದ ಗಾಳಿಗೆ ಒಂದು ತೂತು ಉಂಟಲ್ಲ, ಅದು ಇಲ್ಲಿ ಸಪೂರ ಕೋಲಾಗಿ ಹಾಳೆ ಬಿಡಿಸುವಾಗ್ಲೇ ಎರಡು ಸಲ ತುಂಡಾಯ್ತು.

ಕುಂಬಳೆ_ಉಳಿ:
ಹೊಯ್ಯುವ ಮೊದಲೇ ನಡುವಿಗೆ ಜಿಐ ತಂತಿ (ಸತು ಹಚ್ಚಿದ ಕಬ್ಬಿಣದ್ದು) ಇಳಿಸು. ತಂತಿ ಮೇಲೆ ಎರಡು ಇಂಚು ಹೊರಗೆ ಬರ್ಲಿ, ಅದರಲ್ಲೇ ಕ್ಯೂಬಿನ ಮೇಲಿನ ಬೋರ್ಡಿಗೆ ನೇತು ಹಾಕ್ಬಹುದು. ಬೋರ್ಡ್ ಮಾತ್ರ ಡಬಲ್ ಮಾಡು, ಭಾರ ಉಂಟು.

ಬದಿಯಡ್ಕದ_ಹಾಳೆ:
ನಿಂತಿತು ಅಣ್ಣ! ಗೋಡೆ ಇಲ್ಲ, ಸುರಂಗ ನೇತಾಡ್ತಾ ಉಂಟು. ಅಜ್ಜ ನೋಡಿ "ನೀರು ಎಲ್ಲಿಂದ ಬರ್ತದೆ ಇದಕ್ಕೆ" ಅಂತ ಕೇಳಿದ್ರು.