ಗಡಿಯಾರ ಮುಂದೆ, ಹೆಜ್ಜೆ ಹಿಂದೆ

ಗುಂಪು: ಬ್ರಹ್ಮಾವರದ ಮನೆಯವರು

ಕಟಪಾಡಿ ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಪೋಷಕರೇ ಎಚ್ಚರ! ಬ್ಲಾಕ್ ಜೋಡಿಸಿ ಆಟ ತಯಾರಿಸುವ ಸ್ಕ್ರ್ಯಾಚ್‌ನಲ್ಲಿ ಬೇರೆ ವಿಂಡೋ ತೆರೆದ ಕೂಡಲೇ ಗೊಂಬೆ ನಿಂತರೆ, ನಿಮ್ಮ ಮೌಸ್ ಬೇರೆಯವರ ವಶವಾಗಿದೆ. ತಡಮಾಡದೆ ಅಳಿಸಿ. ಎಲ್ಲರಿಗೂ ಕಳುಹಿಸಿ.

ಕಟಪಾಡಿ ದೊಡ್ಡಪ್ಪ: ಪುಟ್ಟನ ಲ್ಯಾಪ್‌ಟಾಪಿನಲ್ಲಿ ನಿನ್ನೆ ಹೀಗೆಯೇ ಆಯಿತು. ಅವನು ಮಾಡಿದ ಆಟದ ಯಕ್ಷಗಾನದ ವೇಷ ನಿಂತುಬಿಟ್ಟಿತು, ಮೂಲೆಯ ಗಡಿಯಾರ ಒಮ್ಮೆಗೇ ಮುಂದಕ್ಕೆ ಹಾರಿತು. ಮೌಸ್ ಒತ್ತಿದರೂ ಕುಣಿಯಲಿಲ್ಲ. ಸಂಜೆ ಎಲ್ಲವನ್ನೂ ಅಳಿಸಲಿದ್ದೇನೆ.

ಕಂಕನಾಡಿ ಮಾವ: ಅಂದೇ ಹೇಳಿದ್ದೆ, ಆ ವಯಸ್ಸಿಗೆ ಲ್ಯಾಪ್‌ಟಾಪ್ ಬೇಡ ಎಂದು.

ಮಣಿಪಾಲ ಅಕ್ಕ: ದೊಡ್ಡಪ್ಪ, ದಯವಿಟ್ಟು ಅಳಿಸಬೇಡಿ. ಇದನ್ನು ಬರೆದವರು ಯಾರು? ಎಲ್ಲಿಂದ ಬಂತು? 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂಬುದೂ ಇದೇ ಗುಂಪಿಗೆ ಹೀಗೆಯೇ ಬಂದಿತ್ತು.

ಕಟಪಾಡಿ ದೊಡ್ಡಪ್ಪ: ಅದನ್ನು ಕಳುಹಿಸಿದ್ದು ನಾನೊಬ್ಬನೇ ಅಲ್ಲ.

ಕಂಕನಾಡಿ ಮಾವ: ನನ್ನತ್ತ ಬೊಟ್ಟು ಮಾಡುವುದು ಬೇಡ. ನಾನು ಅದು ನಿಜವೇ ಎಂದು ಕೇಳಿದ್ದೆ, ಅಷ್ಟೇ.

ಕುಂದಾಪುರ ಚಿಕ್ಕಮ್ಮ: ಪುಟ್ಟ ಮಾಡಿದ ವೇಷದ ತಲೆಗೆ ಕೇದಗೆ ಮುಂದಲೆ ಇದೆಯೇ? ನಾವು ಗದ್ದೆಯ ಬಯಲಾಟಕ್ಕೆ ಚಾಪೆ ಹಿಡಿದು ಹೋಗುತ್ತಿದ್ದೆವು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕಂಡ ಆ ಮಂಡಿ ಕುಣಿತ ಇಂದಿಗೂ ಕಣ್ಣಿಗೆ ಕಟ್ಟಿದೆ.

ಸುರತ್ಕಲ್ ಭಾವ: ಗಿರಕಿ ಹೊಡೆಯುವ ಧಿಗಿಣ ನೋಡಬೇಕಾದರೆ ಯಕ್ಷಗಾನದ ತೆಂಕುತಿಟ್ಟೇ ಆಗಬೇಕು.

ಕುಂದಾಪುರ ಚಿಕ್ಕಮ್ಮ: ನಿಮ್ಮ ಮನೆಯ ಹರಕೆ ಆಟಕ್ಕೆ ನಮ್ಮನ್ನು ಕರೆದಿದ್ದರೆ ಅದನ್ನೂ ನೋಡುತ್ತಿದ್ದೆವು.

ಸುರತ್ಕಲ್ ಭಾವ: ಕಾಗದ ಕೊಟ್ಟು ಕಳುಹಿಸಿದ್ದೆವು. ತಲುಪಿಸಬೇಕಾದವರು ತಲುಪಿಸಲಿಲ್ಲ. ಯಾರೆಂದು ಇಲ್ಲಿ ಹೇಳುವುದಿಲ್ಲ.

ಕಂಕನಾಡಿ ಮಾವ: ಹೇಳಿಬಿಡಿ, ಎಲ್ಲರಿಗೂ ಗೊತ್ತಾಗಲಿ.

ಮಣಿಪಾಲ ಅಕ್ಕ: ಕಾಗದದ ವಿಚಾರ ಆಮೇಲೆ ಆಗಲಿ, ಮಗುವಿನ ಕೆಲಸ ಉಳಿಯಬೇಕು. ಸ್ಕ್ರ್ಯಾಚ್ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಮಕ್ಕಳಿಗೆಂದೇ ಹೊರತಂದದ್ದು. ಅದು ಸೆಕೆಂಡಿಗೆ 30 ಸಲ ಹೆಜ್ಜೆ ಹಾಕುತ್ತದೆ. ಟ್ಯಾಬ್ ಮರೆಯಾದರೆ, ವಿದ್ಯುತ್ ಉಳಿಸಲೆಂದು ಬ್ರೌಸರ್ ಅದನ್ನು ಸೆಕೆಂಡಿಗೆ ಸುಮಾರು ಒಂದಕ್ಕೆ ಇಳಿಸುತ್ತದೆ. 2021ರಿಂದ ಕ್ರೋಮ್ ಇನ್ನೂ ಬಿಗಿ: ಐದು ನಿಮಿಷ ಮರೆಯಲ್ಲಿದ್ದ ಪುಟಕ್ಕೆ ನಿಮಿಷಕ್ಕೊಮ್ಮೆ ಮಾತ್ರ ಸರದಿ. ಗಡಿಯಾರದ ಬ್ಲಾಕ್ ಮಾತ್ರ ನಿಜವಾದ ಸಮಯವನ್ನು ಅಳೆಯುತ್ತದೆ. ಹಾಗಾಗಿ ಮರಳಿ ಬಂದಾಗ ಗಡಿಯಾರ ಮುಂದೆ, ಹೆಜ್ಜೆ ಹಿಂದೆ. ಯಾರೂ ಏನನ್ನೂ ವಶಪಡಿಸಿಕೊಂಡಿಲ್ಲ.

ಸುರತ್ಕಲ್ ಭಾವ: ನಾನು ಟ್ಯಾಬ್ ಬದಲಿಸಿದರೂ ಬ್ರೌಸರಿನಲ್ಲಿ ಕೇಳುತ್ತಿರುವ ಭಾಗವತಿಕೆಯ ಹಾಡು ನಿಲ್ಲುವುದಿಲ್ಲವಲ್ಲ?

ಮಣಿಪಾಲ ಅಕ್ಕ: ಒಳ್ಳೆಯ ಪ್ರಶ್ನೆ ಭಾವ. ಧ್ವನಿ ನುಡಿಸುತ್ತಿರುವ ಟ್ಯಾಬಿಗೆ ಕ್ರೋಮ್ ಈ ಕಡಿವಾಣ ಹಾಕುವುದಿಲ್ಲ. ಪುಟ್ಟನ ಆಟದಲ್ಲಿ ಧ್ವನಿಯೇ ಇಲ್ಲ. ದೊಡ್ಡಪ್ಪ, ಎರಡು ವಿಂಡೋಗಳನ್ನು ಅಕ್ಕಪಕ್ಕ ಇಟ್ಟು, ಆಟ ಕಾಣುವಂತೆಯೇ ಬಿಟ್ಟು, ಇನ್ನೊಂದರಲ್ಲಿ ಏನಾದರೂ ಟೈಪ್ ಮಾಡಿ. ವೇಷ ಕುಣಿಯುತ್ತಿದ್ದರೆ, ಟ್ಯಾಬ್ ಮರೆಯಾಗುವುದೇ ತೊಂದರೆಗೆ ಕಾರಣ. ಆಗ ಕೀಲಿಮಣೆ ಆಟಕ್ಕೆ ಸ್ಪಂದಿಸದಿದ್ದರೆ ಹೆದರಬೇಡಿ, ಒತ್ತಿದ ಕೀಲಿ ಇನ್ನೊಂದು ವಿಂಡೋಗೆ ಹೋಗುತ್ತಿರುತ್ತದೆ. ಆಟದ ವೇದಿಕೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು.

ಕಟಪಾಡಿ ದೊಡ್ಡಪ್ಪ: ಮೌಸ್?

ಮಣಿಪಾಲ ಅಕ್ಕ: ಅದಕ್ಕೂ ವಿಂಡೋಗೂ ಸಂಬಂಧವಿಲ್ಲ. ಪುಟ್ಟ, ಬ್ಲಾಕುಗಳ ಫೋಟೋ ಹಾಕು.

ಪುಟ್ಟ: [ಫೋಟೋ]

ಮಣಿಪಾಲ ಅಕ್ಕ: ಸಿಕ್ಕಿತು. ಮೌಸ್ ಒತ್ತಿದೆಯೇ ಎಂಬ ಪ್ರಶ್ನೆ ಹಸಿರು ಬಾವುಟದ ಕೆಳಗೆ ಒಂಟಿಯಾಗಿದೆ. ಬಾವುಟ ಒತ್ತಿದ ಕ್ಷಣದಲ್ಲಿ ಒಮ್ಮೆ ಕೇಳಿ ಸುಮ್ಮನಾಗುತ್ತದೆ. ಅದನ್ನು ಸದಾ ಸುತ್ತುವ ಬ್ಲಾಕಿನೊಳಗೆ ಇಡು. ಇಲ್ಲವೇ ವೇಷದ ಮೇಲೆ ಕ್ಲಿಕ್ ಆದಾಗ ಎಂಬ ಬ್ಲಾಕಿನಿಂದಲೇ ಕುಣಿತವನ್ನು ಆರಂಭಿಸು. ಹೆಜ್ಜೆಯನ್ನು ಎಣಿಸುವ ಬದಲು ಗಡಿಯಾರದ ಬ್ಲಾಕ್ ನೋಡಿ ಭಂಗಿ ಬದಲಿಸಿದರೆ, ಟ್ಯಾಬ್ ಮರೆಯಾಗಿ ಮರಳಿದರೂ ತಾಳಕ್ಕೆ ಸರಿಯಾದ ಭಂಗಿಯಲ್ಲೇ ಇರುತ್ತದೆ. ಮೊದಲು ಫೈಲನ್ನು ಕಂಪ್ಯೂಟರಿಗೆ ಉಳಿಸಿಕೋ, ಎಸ್‌ಬಿ3 ಎಂದು ಕೊನೆಯಾಗುವ ಹೆಸರಿರುತ್ತದೆ.

ಕಂಕನಾಡಿ ಮಾವ: ಇಷ್ಟೆಲ್ಲ ಓದುವವರು ಯಾರು? ಮಕ್ಕಳಿಗೆ ಮೊದಲು ಮಗ್ಗಿ ಬರಲಿ.

ಪುಟ್ಟ: ಅಕ್ಕ, ಕ್ಲಿಕ್ ಮಾಡಿದರೆ ಕುಣಿಯುತ್ತಿದೆ!

ಕುಂದಾಪುರ ಚಿಕ್ಕಮ್ಮ: ವಿಡಿಯೋ ಕಳುಹಿಸು ಮಗಾ. ಮಂಡಿ ಹಾಕುತ್ತದೆಯೇ?

ಸುರತ್ಕಲ್ ಭಾವ: ಧಿಗಿಣ ಹಾಕಿಸು.

ಮಣಿಪಾಲ ಅಕ್ಕ: ದೊಡ್ಡಪ್ಪ, ಆ ಫಾರ್ವರ್ಡ್ ಅನ್ನು ಬೇರೆ ಯಾವ ಗುಂಪಿಗೆ ಕಳುಹಿಸಿದ್ದೀರೋ ಅಲ್ಲಿಗೂ ಒಂದು ಮಾತು ತಿಳಿಸಿ. ಅಲ್ಲಿಯೂ ಯಾರದೋ ಮನೆಯ ಮಗು ಇಷ್ಟೇ ಆಸ್ಥೆಯಿಂದ ಕೂತು ಏನನ್ನಾದರೂ ಮಾಡಿರುತ್ತದೆ.

ಕಟಪಾಡಿ ದೊಡ್ಡಪ್ಪ: ಅಳಿಸುವುದಿಲ್ಲ, ಅಲ್ಲಿಗೂ ತಿಳಿಸುತ್ತೇನೆ. ಆದರೆ ಆ ನೋಟಿನ ವಿಷಯವನ್ನು ಎಲ್ಲರೆದುರು ಎತ್ತಿದ್ದು ಸರಿಯಾಗಲಿಲ್ಲ. ನನಗೆ ಫೋನ್ ಮಾಡಿ ಹೇಳಬಹುದಿತ್ತು.